ಹನ್ನೆರಡು ದಿನ, ಮೂರು ನಿಲುವು: ರಾಜತಾಂತ್ರಿಕತೆಯ ಅಧ್ಯಯನದಲ್ಲಿ ಡಾಕ್ಟರೇಟ್

ರಾಷ್ಟ್ರಗಳು ಪರಸ್ಪರ ಹೇಗೆ ನಡೆದುಕೊಳ್ಳುತ್ತವೆ, ಯಾವ ಕಾರಣಕ್ಕೆ ಯುದ್ಧಕ್ಕಿಳಿಯುತ್ತವೆ, ಯಾವ ಲೆಕ್ಕಾಚಾರದಿಂದ ಒಪ್ಪಂದ ಮಾಡಿಕೊಳ್ಳುತ್ತವೆ, ಮಾಡಿಕೊಂಡ ಒಪ್ಪಂದವನ್ನು ಯಾವಾಗ ಬದಿಗೆ ಸರಿಸುತ್ತವೆ ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ಅಂತರರಾಷ್ಟ್ರೀಯ ಸಂಬಂಧಗಳು ಎಂದು ಹೆಸರು. ಇದೇ ವ್ಯವಹಾರವನ್ನು ಮಾತುಕತೆ, ಪತ್ರ ಮತ್ತು ರಾಯಭಾರಗಳ ಮೂಲಕ ದಿನನಿತ್ಯ ನಡೆಸುವ ವೃತ್ತಿಗೆ ರಾಜತಾಂತ್ರಿಕತೆ ಎಂದು ಹೆಸರು. ಒಂದು ಅರಿಯುವ ಕೆಲಸವಾದರೆ ಇನ್ನೊಂದು ಮಾಡುವ ಕೆಲಸ. ಪತ್ರಿಕೆಗಳಲ್ಲಿ, ಕಾಲೇಜುಗಳ ಪ್ರಕಟಣೆಗಳಲ್ಲಿ ಇವೆರಡೂ ಜೊತೆಜೊತೆಯಾಗಿಯೇ ಕಾಣಿಸಿಕೊಳ್ಳುವುದರಿಂದ, ಈ ವಿಷಯದಲ್ಲಿ ಪಿಎಚ್‌.ಡಿ. ಪಡೆದವರು ಮುಂದೆ ರಾಯಭಾರಿಗಳಾಗುತ್ತಾರೆ ಎಂಬ ಗ್ರಹಿಕೆ ವಿದ್ಯಾರ್ಥಿಗಳಲ್ಲಿಯೂ ಪೋಷಕರಲ್ಲಿಯೂ ಬೇರೂರಿದೆ. ಈ ಗ್ರಹಿಕೆಯನ್ನು ಮೊದಲೇ ಬಿಡಿಸಿಕೊಳ್ಳದಿದ್ದರೆ, ಆಯುಷ್ಯದ ಐದಾರು ವರ್ಷಗಳನ್ನು ಬೇಡುವ ಈ ಪದವಿಯ ಸ್ವರೂಪ ಅರ್ಥವಾಗುವುದಿಲ್ಲ.

ಎರಡು ಹಾದಿಗಳು

ಭಾರತೀಯ ವಿದೇಶಾಂಗ ಸೇವೆಯ ಬಾಗಿಲು ತೆರೆಯುವುದು ಕೇಂದ್ರ ಲೋಕಸೇವಾ ಆಯೋಗ ನಡೆಸುವ ನಾಗರಿಕ ಸೇವಾ ಪರೀಕ್ಷೆಯಿಂದ. ಆ ಪರೀಕ್ಷೆಗೆ ಯಾವುದೇ ವಿಷಯದ ಪದವಿ ಸಾಕು. ಡಾಕ್ಟರೇಟ್ ಇರುವವರಿಗೆ ಅಲ್ಲಿ ಹೆಚ್ಚಿನ ಅಂಕವೂ ಇಲ್ಲ, ಪ್ರತ್ಯೇಕ ದಾರಿಯೂ ಇಲ್ಲ. ಆಯ್ಕೆಯಾದವರಿಗೆ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ ದೊರೆಯುತ್ತದೆ, ಪ್ರತಿಯೊಬ್ಬರಿಗೂ ಒಂದು ವಿದೇಶಿ ಭಾಷೆಯ ಕಲಿಕೆ ಕಡ್ಡಾಯವಾಗುತ್ತದೆ, ಬಳಿಕ ಆ ಭಾಷೆಯ ನಾಡಿನಲ್ಲಿಯೇ ವೃತ್ತಿಯ ಮೊದಲ ಪಾಠಗಳು ನಡೆಯುತ್ತವೆ. ಎರಡೂ ಹಾದಿಗಳನ್ನು ತುಳಿದವರು ಇಲ್ಲದಿಲ್ಲ: 1977ರಲ್ಲಿ ಸೇವೆಗೆ ಸೇರಿ ಮುಂದೆ ವಿದೇಶಾಂಗ ಸಚಿವರಾದ ಎಸ್‌. ಜೈಶಂಕರ್ ಅವರು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಿಂದ ಇದೇ ವಿಷಯದಲ್ಲಿ ಡಾಕ್ಟರೇಟ್ ಪಡೆದವರು. ಮುಂದೆ ಅಮೆರಿಕದ ವಿದೇಶಾಂಗ ಮಂತ್ರಿಯಾದ ಹೆನ್ರಿ ಕಿಸಿಂಜರ್ ಅವರು 1954ರಲ್ಲಿ ಹಾರ್ವರ್ಡ್‌ನಲ್ಲಿ ಸಲ್ಲಿಸಿದ ಪ್ರಬಂಧವು ನೆಪೋಲಿಯನ್ ಕಾಲಾನಂತರದ ಯುರೋಪಿನ ರಾಜತಾಂತ್ರಿಕತೆಯನ್ನು ಕುರಿತದ್ದು. ಆದರೆ ಇಂಥವರ ಸಂಖ್ಯೆ ಸಣ್ಣದು, ಮತ್ತು ಅವರನ್ನು ಅಧಿಕಾರದ ಸ್ಥಾನಕ್ಕೆ ಒಯ್ದದ್ದು ಪ್ರಬಂಧವೊಂದೇ ಅಲ್ಲ.

ಹಾಗಾದರೆ ಡಾಕ್ಟರೇಟ್ ಕೊಡುವುದೇನು ಎಂದರೆ, ಒಂದು ರಾಷ್ಟ್ರವು ಒಂದು ಸಂದರ್ಭದಲ್ಲಿ ತೆಗೆದುಕೊಂಡ ತೀರ್ಮಾನವನ್ನು ದಾಖಲೆಗಳ ಆಧಾರದ ಮೇಲೆ ಬಿಡಿಸಿ ನೋಡುವ ತಾಳ್ಮೆ ಮತ್ತು ಆ ತೀರ್ಮಾನಕ್ಕೆ ಕೊಡಬಹುದಾದ ಹಲವು ವಿವರಣೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಒರೆಗೆ ಹಚ್ಚುವ ಕಸುಬು. ಮಹಾಪ್ರಬಂಧ ಎನ್ನುವುದು ಆ ಕಸುಬು ಕೈವಶವಾಗಿದೆ ಎಂಬುದಕ್ಕೆ ಒಪ್ಪಿಸುವ ಸಾಕ್ಷಿ.

ಶಾಸ್ತ್ರದ ಹುಟ್ಟು

ಈ ಶಾಸ್ತ್ರಕ್ಕೆ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ಪೀಠ ದೊರೆತದ್ದು ಮೊದಲ ಮಹಾಯುದ್ಧದ ಗಾಯ ಇನ್ನೂ ಹಸಿಯಾಗಿದ್ದಾಗ. ಮತ್ತೆ ಅಂಥ ಯುದ್ಧ ಆಗಬಾರದು ಎಂಬ ಆಶಯದಿಂದ ಡೇವಿಡ್ ಡೇವಿಸ್ ಎಂಬ ದಾನಿ ನೀಡಿದ ನಿಧಿಯಿಂದ 1919ರಲ್ಲಿ ವೇಲ್ಸ್‌ನ ಅಬೆರಿಸ್ಟ್ವಿತ್‌ನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಹೆಸರಿನ ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. ರಾಷ್ಟ್ರಸಂಘದ ಕೇಂದ್ರವಾಗಿದ್ದ ಜಿನೀವಾದಲ್ಲಿ 1927ರಲ್ಲಿ ಇದಕ್ಕೆಂದೇ ಉನ್ನತ ಅಧ್ಯಯನ ಸಂಸ್ಥೆ ಆರಂಭವಾಯಿತು. ಅದುವರೆಗೆ ಇತಿಹಾಸ, ಕಾನೂನು ಮತ್ತು ರಾಜ್ಯಶಾಸ್ತ್ರಗಳಲ್ಲಿ ಹಂಚಿಹೋಗಿದ್ದ ಪ್ರಶ್ನೆಗಳು ಒಂದೇ ಸೂರಿನಡಿ ಬಂದವು.

ಭಾರತದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ, 1943ರಲ್ಲಿ, ವಿಶ್ವ ವ್ಯವಹಾರಗಳ ಭಾರತೀಯ ಪರಿಷತ್ತು ರೂಪುಗೊಂಡಿತು. ದೆಹಲಿಯ ಸಪ್ರೂ ಹೌಸ್ ಅದರ ನೆಲೆ. ಅದೇ ಪರಿಷತ್ತಿನ ಆಶ್ರಯದಲ್ಲಿ 1955ರಲ್ಲಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಆರಂಭವಾಯಿತು, ಅದರ ಮೊದಲ ನಿರ್ದೇಶಕರಾದ ಎ. ಅಪ್ಪಾದೊರೈ ಅವರ ಕಾಲದಲ್ಲಿ ಡಾಕ್ಟರೇಟ್ ಸಂಶೋಧನೆಗೆ ಅಡಿಪಾಯ ಬಿದ್ದಿತು, 1970ರಲ್ಲಿ ಆ ಸಂಸ್ಥೆಯು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಂದಿಗೆ ವಿಲೀನಗೊಂಡು ಅಲ್ಲಿನ ಅಂತರರಾಷ್ಟ್ರೀಯ ಅಧ್ಯಯನ ವಿಭಾಗವಾಯಿತು. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ 1956ರಿಂದಲೇ ಪ್ರತ್ಯೇಕ ವಿಭಾಗವಿದೆ. ಕರ್ನಾಟಕದಲ್ಲಿ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ ವಿಭಾಗಗಳ ಜೊತೆಗೆ ಮಣಿಪಾಲದಲ್ಲಿಯೂ ಬೆಂಗಳೂರಿನ ಕೆಲವು ಸಂಸ್ಥೆಗಳಲ್ಲಿಯೂ ಈ ವಿಷಯದ ಅಧ್ಯಯನಕ್ಕೆ ಅವಕಾಶವಿದೆ. 1988ರಲ್ಲಿ ಸ್ಥಾಪನೆಯಾದ, ಭೌತವಿಜ್ಞಾನಿ ರಾಜಾ ರಾಮಣ್ಣ ಅವರು ಮೊದಲ ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು ಭದ್ರತೆ ಮತ್ತು ಕಾರ್ಯತಂತ್ರದ ಸಂಶೋಧನೆಯನ್ನು ವಿಜ್ಞಾನದ ನೆರೆಯಲ್ಲಿ ನಡೆಸುತ್ತಿದೆ.

ಭಾರತದಲ್ಲಿ ಈ ಶಾಸ್ತ್ರವು ಬಹುಪಾಲು ಪ್ರದೇಶ ಅಧ್ಯಯನದ ಮೂಲಕ ಬೆಳೆಯಿತು. ಪ್ರದೇಶ ಅಧ್ಯಯನವೆಂದರೆ ಒಂದು ಭೂಭಾಗವನ್ನು, ಉದಾಹರಣೆಗೆ ಪಶ್ಚಿಮ ಏಷ್ಯಾವನ್ನೋ ಪೂರ್ವ ಏಷ್ಯಾವನ್ನೋ ಆಯ್ದುಕೊಂಡು, ಅದರ ಭಾಷೆ, ಇತಿಹಾಸ, ಆರ್ಥಿಕತೆ ಮತ್ತು ರಾಜಕಾರಣವನ್ನು ಒಟ್ಟಾಗಿ ಅರಿಯುವ ಕ್ರಮ. ಆದ್ದರಿಂದಲೇ ಚೀನಾವನ್ನು ಕುರಿತು ಸಂಶೋಧನೆ ಮಾಡುವವರು ಚೀನೀ ಭಾಷೆಯನ್ನು, ಇರಾನ್ ಕುರಿತು ಬರೆಯುವವರು ಫಾರ್ಸಿಯನ್ನು ಕಲಿಯಬೇಕೆಂಬ ನಿರೀಕ್ಷೆ ಇದೆ. ಅನುವಾದವನ್ನಷ್ಟೇ ನೆಚ್ಚಿ ಬರೆದ ಪ್ರಬಂಧವು ಇನ್ನೊಬ್ಬರು ಆರಿಸಿಕೊಟ್ಟ ಕಿಟಕಿಯಿಂದ ಮಾತ್ರ ನೋಡುತ್ತದೆ.

ವಿಷಯದಿಂದ ಪ್ರಶ್ನೆಗೆ

ಸಂಶೋಧನೆಗೆ ಬರುವ ಬಹುತೇಕರ ಕೈಯಲ್ಲಿ ಆರಂಭದಲ್ಲಿ ಇರುವುದು ವಿಷಯ. ಅವರಿಗೆ ಬೇಕಾಗಿರುವುದು ಪ್ರಶ್ನೆ. ‘ಭಾರತ ಮತ್ತು ಕೊರಿಯಾ ಯುದ್ಧ’ ಎಂಬುದು ವಿಷಯ. ಅದರ ಮೇಲೆ ಸಾವಿರ ಪುಟ ಬರೆದರೂ ಏನನ್ನೂ ಸಾಧಿಸದೆ ಇರಲು ಸಾಧ್ಯ. ಪ್ರಶ್ನೆ ಹುಟ್ಟುವುದು ಸಾಮಾನ್ಯ ನಿರೀಕ್ಷೆಗೂ ನಡೆದ ಘಟನೆಗೂ ತಾಳೆಯಾಗದ ಕಡೆ. ಕೊರಿಯಾ ಯುದ್ಧದ ಮೊದಲ ಹನ್ನೆರಡು ದಿನಗಳಲ್ಲಿ ಭಾರತ ತಳೆದ ನಿಲುವುಗಳು ಇದಕ್ಕೆ ಒಳ್ಳೆಯ ನಿದರ್ಶನ. ಆ ನಿಲುವುಗಳನ್ನು ಭದ್ರತಾ ಮಂಡಳಿಯಲ್ಲಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ, ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾವ್.

1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ ಸರದಿಯಾಗಿದ್ದು, ಆ ಪೀಠದಲ್ಲಿ ರಾವ್ ಅವರಿದ್ದರು. ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣದ ಮೇಲೆ ದಾಳಿ ಮಾಡಿದಾಗ, ಯುದ್ಧ ನಿಲ್ಲಿಸಿ ಸೇನೆಯನ್ನು ಹಿಂತೆಗೆಯಬೇಕೆಂದು ಕೇಳಿದ ನಿರ್ಣಯಕ್ಕೆ ಭಾರತ ಪರವಾಗಿ ಮತ ಹಾಕಿತು. ಎರಡು ದಿನಗಳ ನಂತರ, ದಕ್ಷಿಣ ಕೊರಿಯಾಕ್ಕೆ ನೆರವು ನೀಡುವಂತೆ ಸದಸ್ಯ ರಾಷ್ಟ್ರಗಳಿಗೆ ಶಿಫಾರಸು ಮಾಡಿದ ಎರಡನೆಯ ನಿರ್ಣಯ ಬಂದಾಗ, ತಮ್ಮ ಸರ್ಕಾರದಿಂದ ಸೂಚನೆ ಬಂದಿಲ್ಲವೆಂಬ ಕಾರಣದಿಂದ ಭಾರತ ಮತ್ತು ಈಜಿಪ್ಟ್ ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ಆದರೆ ಜೂನ್ 29ರಂದು ಭಾರತ ಸರ್ಕಾರ ಆ ನಿರ್ಣಯವನ್ನು ಒಪ್ಪಿಕೊಂಡಿತು. ಜುಲೈ 7ರಂದು ಅಮೆರಿಕದ ನಾಯಕತ್ವದಲ್ಲಿ ಏಕೀಕೃತ ಸೇನಾ ಕಮಾಂಡ್ ರಚಿಸುವ ಮೂರನೆಯ ನಿರ್ಣಯಕ್ಕೆ ಭಾರತ, ಈಜಿಪ್ಟ್ ಮತ್ತು ಯುಗೊಸ್ಲಾವಿಯಾ ತಟಸ್ಥವಾಗಿ ಉಳಿದವು. ಮತದಾನದಲ್ಲಿ ಪಾಲ್ಗೊಳ್ಳದಿರುವುದು ಬೇರೆ, ಪಾಲ್ಗೊಂಡು ಪರವೂ ಇಲ್ಲ ವಿರೋಧವೂ ಇಲ್ಲ ಎಂದು ದಾಖಲಿಸುವುದು ಬೇರೆ. ವಿಶ್ವಸಂಸ್ಥೆಯ ದಾಖಲೆಗಳು ಈ ಎರಡನ್ನೂ ಪ್ರತ್ಯೇಕವಾಗಿಯೇ ಬರೆದಿಡುತ್ತವೆ. ಹೀಗೆ ಹನ್ನೆರಡು ದಿನಗಳಲ್ಲಿ ಒಂದೇ ಯುದ್ಧದ ಬಗ್ಗೆ ಒಂದೇ ರಾಷ್ಟ್ರವು ಸಮ್ಮತಿ, ಮೌನ ಮತ್ತು ತಟಸ್ಥತೆ ಎಂಬ ಮೂರು ನಿಲುವುಗಳನ್ನು ತಳೆದಂತಾಯಿತು.

ದಾಳಿಯನ್ನು ತಪ್ಪೆಂದು ಒಪ್ಪಿದ, ನೆರವಿನ ಶಿಫಾರಸನ್ನೂ ತಡವಾಗಿಯಾದರೂ ಒಪ್ಪಿದ ರಾಷ್ಟ್ರವು ಆ ನೆರವನ್ನು ಒಗ್ಗೂಡಿಸುವ ಕಮಾಂಡ್‌ಗೆ ಏಕೆ ಕೈ ಎತ್ತಲಿಲ್ಲ ಎಂಬುದು ಪ್ರಶ್ನೆ. ಇದಕ್ಕೆ ಆದಿಯಿದೆ, ಅಂತ್ಯವಿದೆ, ಉತ್ತರ ತಪ್ಪಾಗಬಹುದಾದ ಸಾಧ್ಯತೆಯೂ ಇದೆ. ತಪ್ಪಾಗುವ ಸಾಧ್ಯತೆಯೇ ಇಲ್ಲದ ಹೇಳಿಕೆಯು ಸಂಶೋಧನೆಯ ಪ್ರಶ್ನೆಗೆ ಉತ್ತರವಾಗಲಾರದು.

ಪ್ರಶ್ನೆ ಸಿಕ್ಕ ಮೇಲೆ ಬಿಡುವುದನ್ನು ಕಲಿಯಬೇಕಾಗುತ್ತದೆ. ಇದೇ ಯುದ್ಧದ ಕೊನೆಯಲ್ಲಿ, 1953ರ ಜುಲೈ 27ರ ಕದನವಿರಾಮದ ನಂತರ, ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಭವಿಷ್ಯವನ್ನು ನಿರ್ಧರಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ವಾಪಸಾತಿ ಆಯೋಗಕ್ಕೆ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್‌. ತಿಮ್ಮಯ್ಯ ಅಧ್ಯಕ್ಷರಾಗಿದ್ದರು, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾಗಳ ಪ್ರತಿನಿಧಿಗಳು ಅದರ ಸದಸ್ಯರು. ಎರಡೂ ಬಣಗಳನ್ನು ಒಲ್ಲದ 88 ಕೈದಿಗಳು ಕೊನೆಗೆ ಭಾರತಕ್ಕೇ ಬಂದರು. ಕನ್ನಡ ನಾಡಿನ ಸಂಶೋಧಕನಿಗೆ ಮಂಗಳೂರಿನ ರಾವ್ ಅವರಿಂದ ಮಡಿಕೇರಿಯ ತಿಮ್ಮಯ್ಯನವರವರೆಗೆ ಇಡೀ ಕಥೆಯನ್ನು ಒಂದೇ ಪ್ರಬಂಧದಲ್ಲಿ ಹೇಳಿಬಿಡಬೇಕೆಂಬ ಆಸೆ ಸಹಜವೇ. ಆದರೆ ಜುಲೈ 7ರ ಮತವನ್ನು ವಿವರಿಸಹೊರಟ ಪ್ರಬಂಧದಲ್ಲಿ ತಿಮ್ಮಯ್ಯನವರ ಅಧ್ಯಾಯಕ್ಕೆ ಜಾಗವಿಲ್ಲ; ಅದು ಇನ್ನೊಂದು ಪ್ರಬಂಧದ ವಸ್ತು. ಒಳ್ಳೆಯ ಮಾರ್ಗದರ್ಶಕರ ಕೆಲಸದಲ್ಲಿ ಅರ್ಧಪಾಲು ಇಂಥ ಅಧ್ಯಾಯಗಳನ್ನು ಕಳಚಿಸುವುದೇ ಆಗಿರುತ್ತದೆ.

ಸಿದ್ಧಾಂತದ ಕನ್ನಡಕ

ಈ ಶಾಸ್ತ್ರದಲ್ಲಿ ಸಿದ್ಧಾಂತ ಎಂದರೆ ಎಲ್ಲಿ ನೋಡಬೇಕು, ಯಾವುದನ್ನು ಮುಖ್ಯವೆಂದು ಎಣಿಸಬೇಕು ಎಂದು ಮೊದಲೇ ಹೇಳುವ ನೋಟಕ್ರಮ. 1948ರಲ್ಲಿ ಹಾನ್ಸ್ ಮಾರ್ಗೆಂಥೋ ಅವರ ಗ್ರಂಥದಿಂದ ಗಟ್ಟಿಗೊಂಡು, 1979ರಲ್ಲಿ ಕೆನೆತ್ ವಾಲ್ಟ್ಜ್ ಅವರಿಂದ ಹೊಸ ರೂಪ ಪಡೆದ ವಾಸ್ತವವಾದವು, ಮೇಲೊಂದು ಸರ್ಕಾರವಿಲ್ಲದ ಜಗತ್ತಿನಲ್ಲಿ ಪ್ರತಿ ರಾಷ್ಟ್ರವೂ ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕಾದ್ದರಿಂದ ಬಲದ ಲೆಕ್ಕಾಚಾರವೇ ನಿರ್ಣಾಯಕ ಎನ್ನುತ್ತದೆ. ಉದಾರವಾದವು ವ್ಯಾಪಾರ, ಕಾನೂನು, ಅಂತರರಾಷ್ಟ್ರೀಯ ಸಂಸ್ಥೆಗಳು ಮತ್ತು ದೇಶದೊಳಗಿನ ಹಿತಾಸಕ್ತಿಗಳು ಆ ಲೆಕ್ಕವನ್ನು ಬದಲಿಸಬಲ್ಲವು ಎನ್ನುತ್ತದೆ. 1990ರ ದಶಕದಲ್ಲಿ ಅಲೆಕ್ಸಾಂಡರ್ ವೆಂಟ್ ಮುಂತಾದವರಿಂದ ಪ್ರಬಲವಾದ ರಚನಾವಾದವು, ಮಿತ್ರ ಯಾರು ಶತ್ರು ಯಾರು ಎಂಬುದೇ ರಾಷ್ಟ್ರಗಳು ತಮ್ಮ ಬಗ್ಗೆ ಕಟ್ಟಿಕೊಂಡ ಕಲ್ಪನೆಯಿಂದ ನಿರ್ಧಾರವಾಗುತ್ತದೆ ಎಂದು ವಾದಿಸುತ್ತದೆ.

ಜುಲೈ 7ರ ಮತವನ್ನು ಈ ಮೂರು ಕನ್ನಡಕಗಳಿಂದ ನೋಡಿದರೆ ಮೂರು ಬೇರೆ ಊಹೆಗಳು ಕಾಣುತ್ತವೆ. ನೆರೆಯ ಚೀನಾವನ್ನು ಕೆಣಕುವ ಸೇನಾ ವ್ಯವಸ್ಥೆಗೆ ಸೇರುವುದು ಅಪಾಯವೆಂದು ದೆಹಲಿ ಎಣಿಸಿತು ಎಂಬುದು ಒಂದು. ಭದ್ರತಾ ಮಂಡಳಿಯ ಅಧಿಕಾರಕ್ಕೆ ಮನ್ನಣೆ ಕೊಡುತ್ತಲೇ ಅದರ ಹೆಸರಿನಲ್ಲಿ ಒಂದೇ ರಾಷ್ಟ್ರ ಯುದ್ಧ ನಡೆಸುವುದನ್ನು ತಡೆಯಲು ಬಯಸಿತು ಎಂಬುದು ಎರಡನೆಯದು. ವಸಾಹತುಶಾಹಿಯಿಂದ ಆಗತಾನೇ ಬಿಡುಗಡೆಯಾದ ಏಷ್ಯಾದ ರಾಷ್ಟ್ರವೆಂಬ ಆತ್ಮಪ್ರಜ್ಞೆಯು ಪಾಶ್ಚಾತ್ಯ ಸೇನಾಪತಿಯ ಕೆಳಗೆ ನಿಲ್ಲಲು ಬಿಡಲಿಲ್ಲ ಎಂಬುದು ಮೂರನೆಯದು. ಇವುಗಳ ಜೊತೆಗೆ ಇನ್ನೂ ಒಂದು ಸರಳ ಊಹೆ ಇದೆ. ಗ್ರಹಾಂ ಆಲಿಸನ್ 1971ರಲ್ಲಿ ಪ್ರಕಟಿಸಿದ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಅಧ್ಯಯನದಲ್ಲಿ ತೋರಿಸಿಕೊಟ್ಟಂತೆ, ಸರ್ಕಾರವೆಂಬುದು ಒಂದೇ ತಲೆಯಿಂದ ಯೋಚಿಸುವ ವ್ಯಕ್ತಿಯಲ್ಲ, ತಮ್ಮತಮ್ಮ ರೂಢಿಗಳಂತೆ ನಡೆಯುವ ಕಚೇರಿಗಳ ಮತ್ತು ಪರಸ್ಪರ ಎಳೆದಾಡುವ ಅಧಿಕಾರಿಗಳ ಕೂಟ. ಹಾಗಿದ್ದಲ್ಲಿ ಜೂನ್ 27ರ ಮೌನಕ್ಕೆ ಗಹನವಾದ ಕಾರಣಕ್ಕಿಂತ ತಂತಿ ತಡವಾದದ್ದೇ ಕಾರಣವಿರಬಹುದು. ನ್ಯೂಯಾರ್ಕ್‌ಗೂ ದೆಹಲಿಗೂ ನಡುವೆ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆಗಳ ವ್ಯತ್ಯಾಸವಿದೆ ಎಂಬುದನ್ನು ಸಿದ್ಧಾಂತದ ಗ್ರಂಥಗಳು ನೆನಪಿಸುವುದಿಲ್ಲ, ಸಂಶೋಧಕ ನೆನಪಿಡಬೇಕಾಗುತ್ತದೆ.

ಭಾರತೀಯ ಚಿಂತನೆಯಿಂದಲೇ ಕನ್ನಡಕವೊಂದನ್ನು ರೂಪಿಸಬೇಕೆಂಬ ಹಂಬಲವೂ ಈಚಿನ ಪ್ರಬಂಧಗಳಲ್ಲಿ ಕಾಣುತ್ತದೆ. ಅದರ ಬೇರಿಗೆ ಮೈಸೂರಿನ ನಂಟಿದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿದವರು ಆರ್‌. ಶಾಮಶಾಸ್ತ್ರಿಗಳು, ಅವರು 1909ರಲ್ಲಿ ಅದರ ಮೂಲಪಾಠವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆ ಗ್ರಂಥ ಹೇಳುವ ಷಾಡ್ಗುಣ್ಯ, ಅಂದರೆ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ ಮತ್ತು ದ್ವೈಧೀಭಾವ ಎಂಬ ಆರು ನೀತಿಗಳಲ್ಲಿ, ಸುಮ್ಮನಿದ್ದು ಕಾಯುವ ‘ಆಸನ’ವನ್ನು ಜುಲೈ 7ರ ತಟಸ್ಥತೆಗೆ ಹೊಂದಿಸಲು ಯಾರಿಗಾದರೂ ಮನಸ್ಸಾಗಬಹುದು. ಆದರೆ ಹಳೆಯ ಹೆಸರನ್ನು ಹೊಸ ಘಟನೆಗೆ ಅಂಟಿಸಿದ ಮಾತ್ರಕ್ಕೆ ವಿವರಣೆ ಸಿಕ್ಕಂತಾಗುವುದಿಲ್ಲ. ಅಂದಿನ ತೀರ್ಮಾನ ಮಾಡಿದವರು ಹಾಗೆ ಯೋಚಿಸಿದ್ದರು ಎಂಬುದಕ್ಕಾಗಲಿ, ಕೌಟಿಲ್ಯನ ತರ್ಕವು ಬೇರೆ ಸಿದ್ಧಾಂತಗಳು ವಿವರಿಸಲಾರದ ಒಂದು ಅಂಶವನ್ನು ವಿವರಿಸುತ್ತದೆ ಎಂಬುದಕ್ಕಾಗಲಿ ಪುರಾವೆ ಬೇಕು.

ಕಡತದ ಒಡಲು

ಪುರಾವೆಯನ್ನು ಹುಡುಕುವ ಕ್ರಮಕ್ಕೆ ವಿಧಾನ ಎಂದು ಹೆಸರು. ಯುದ್ಧಗಳನ್ನು ಎಣಿಸಿ, ಅಂಕಿಗಳಾಗಿಸಿ ಹೋಲಿಸುವ ವಿಧಾನವೂ ಇದೆ. 1963ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜೆ. ಡೇವಿಡ್ ಸಿಂಗರ್ ಆರಂಭಿಸಿದ ದತ್ತಾಂಶ ಯೋಜನೆಯು ಕನಿಷ್ಠ ಸಾವಿರ ಯೋಧರ ಸಾವನ್ನು ಯುದ್ಧದ ಅಳತೆಗೋಲಾಗಿ ಇಟ್ಟುಕೊಂಡಿದೆ. ಆದರೆ ಹನ್ನೆರಡು ದಿನಗಳ ಪ್ರಶ್ನೆಗೆ ಒಪ್ಪುವುದು ಪ್ರಕ್ರಿಯೆಯ ಜಾಡು ಹಿಡಿಯುವ ವಿಧಾನ: ಪ್ರತಿಯೊಂದು ಊಹೆಯೂ ನಿಜವಾಗಿದ್ದಲ್ಲಿ ಅದು ಯಾವ ಕಾಗದದ ಮೇಲೆ ಯಾವ ಗುರುತನ್ನು ಬಿಟ್ಟಿರಬೇಕು ಎಂದು ಮೊದಲೇ ಬರೆದುಕೊಂಡು, ಆ ಗುರುತನ್ನು ಅರಸುತ್ತ ಹೋಗುವುದು. ಚೀನಾದ ಭಯವೇ ಕಾರಣವಾಗಿದ್ದರೆ ಆಗ ಪೀಕಿಂಗ್‌ನಲ್ಲಿ ರಾಯಭಾರಿಯಾಗಿದ್ದ ಕೆ.ಎಂ. ಪಣಿಕ್ಕರ್ ಅವರ ವರದಿಗಳು ಮತಕ್ಕೆ ಮುಂಚೆಯೇ ದೆಹಲಿ ತಲುಪಿ, ಟಿಪ್ಪಣಿಗಳಲ್ಲಿ ಪ್ರಸ್ತಾಪವಾಗಿರಬೇಕು. ತಂತಿಯ ವಿಳಂಬವೇ ಕಾರಣವಾಗಿದ್ದರೆ ರವಾನೆಯಾದ ಮತ್ತು ಕೈಸೇರಿದ ವೇಳೆಗಳು ಅದನ್ನು ಹೇಳಬೇಕು.

ಭಾರತ ಸರ್ಕಾರದ ಹಳೆಯ ಕಡತವೊಂದರ ರಚನೆಯನ್ನು ಅರಿಯದವರಿಗೆ ಈ ಗುರುತುಗಳು ಕಣ್ಣಿಗೆ ಬೀಳುವುದಿಲ್ಲ. ಕಡತಕ್ಕೆ ಎರಡು ಭಾಗ: ಹೊರಗಿನಿಂದ ಬಂದ, ಹೊರಗೆ ಹೋದ ಪತ್ರಗಳ ಭಾಗ ಒಂದು, ಅಧಿಕಾರಿಗಳು ತಮ್ಮತಮ್ಮೊಳಗೆ ಬರೆದುಕೊಂಡ ಟಿಪ್ಪಣಿಗಳ ಭಾಗ ಇನ್ನೊಂದು. ಟಿಪ್ಪಣಿಯ ಹಾಳೆಯಲ್ಲಿ ಕೆಳಹಂತದ ಅಧಿಕಾರಿ ವಿಷಯವನ್ನು ವಿಸ್ತಾರವಾಗಿ ಬರೆದಿರುತ್ತಾನೆ, ಮೇಲೇರಿದಂತೆಲ್ಲ ಬರಹ ಕಿರಿದಾಗುತ್ತದೆ, ಕಾರ್ಯದರ್ಶಿಯ ಹಂತದಲ್ಲಿ ಅದು ಎರಡು ವಾಕ್ಯ, ಸಚಿವರ ಹಂತದಲ್ಲಿ ಹಲವು ಬಾರಿ ಒಂದು ಸಹಿ ಮತ್ತು ದಿನಾಂಕ ಮಾತ್ರ. ಹೊರಹೋದ ಪತ್ರದ ಅಚ್ಚುಕಟ್ಟಾದ ಭಾಷೆಗಿಂತ ಅದರ ಕರಡಿನಲ್ಲಿ ಹೊಡೆದುಹಾಕಿದ ಪದವೇ ಸಂಶೋಧಕನಿಗೆ ಹೆಚ್ಚು ಹೇಳುತ್ತದೆ. ‘ಬೆಂಬಲಿಸುತ್ತದೆ’ ಎಂಬುದನ್ನು ತೆಗೆದು ‘ಒಪ್ಪುತ್ತದೆ’ ಎಂದು ತಿದ್ದಿದ ಕೈ ಯಾರದು, ಯಾವ ದಿನದ್ದು ಎಂಬುದರಲ್ಲಿ ಒಂದು ಅಧ್ಯಾಯವೇ ಅಡಗಿರಬಹುದು.

ಇಂಥ ಕಡತಗಳ ಮುಖ್ಯ ಭಂಡಾರವಾದ ರಾಷ್ಟ್ರೀಯ ಪತ್ರಾಗಾರವು 1891ರಲ್ಲಿ ಕಲ್ಕತ್ತದಲ್ಲಿ ಆರಂಭವಾಗಿ ಬಳಿಕ ದೆಹಲಿಗೆ ಬಂದಿತು. ಅದರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಈಗ ಅನೇಕ ಕಡತಗಳ ಪಟ್ಟಿಯನ್ನು ಮನೆಯಲ್ಲಿ ಕುಳಿತೇ ಹುಡುಕಬಹುದು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಮತ್ತು ಅದರ ನಿಯಮಗಳ ಆಶಯದಂತೆ 25 ವರ್ಷ ದಾಟಿದ, ಶಾಶ್ವತ ಮೌಲ್ಯದ ದಾಖಲೆಗಳು ಪತ್ರಾಗಾರಕ್ಕೆ ಬರಬೇಕು. ಆಚರಣೆಯಲ್ಲಿ ವಿದೇಶಾಂಗ ಮತ್ತು ರಕ್ಷಣಾ ಕಡತಗಳ ಬಾಗಿಲು ಬಿಗಿಯಾಗಿಯೇ ಇರುತ್ತದೆ. 1962ರ ಚೀನಾ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಭಾರತ ಸರ್ಕಾರ ಇಂದಿಗೂ ಅಧಿಕೃತವಾಗಿ ಪ್ರಕಟಿಸಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯು ಇಪ್ಪತ್ತು ವರ್ಷ ಹಳೆಯ ಸಂಗತಿಗಳ ಮಾಹಿತಿಯನ್ನು ಸಾಮಾನ್ಯವಾಗಿ ಕೊಡಬೇಕೆಂದರೂ, ಭದ್ರತೆ ಮತ್ತು ವಿದೇಶ ಸಂಬಂಧಕ್ಕೆ ಧಕ್ಕೆ ತರುವ ಮಾಹಿತಿಗೆ ಇರುವ ವಿನಾಯಿತಿಯನ್ನು ಆ ಅವಧಿಯ ನಂತರವೂ ಉಳಿಸಿಕೊಂಡಿದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯಂತೆ, ತೀರ್ಮಾನ ಮಾಡಿದ ಅಧಿಕಾರಿಗಳು ಬದುಕಿರುವಾಗ ಕಡತ ಸಿಗುವುದಿಲ್ಲ, ಕಡತ ತೆರೆಯುವ ಹೊತ್ತಿಗೆ ಅದರ ಅರ್ಥ ಹೇಳಬಲ್ಲವರು ಇರುವುದಿಲ್ಲ.

ಆದ್ದರಿಂದ ಒಂದು ದೇಶದ ಕಥೆಯನ್ನು ಇನ್ನೊಂದು ದೇಶದ ಕಾಗದಗಳಲ್ಲಿ ಓದುವುದು ಈ ಶಾಸ್ತ್ರದ ರೂಢಿ. ಅಮೆರಿಕದ ವಿದೇಶಾಂಗ ಇಲಾಖೆ 1861ರಿಂದ ಪ್ರಕಟಿಸುತ್ತ ಬಂದಿರುವ ರಾಜತಾಂತ್ರಿಕ ದಾಖಲೆಗಳ ಮಾಲಿಕೆಯಲ್ಲಿ 1950ರ ಕೊರಿಯಾಕ್ಕೆ ಪ್ರತ್ಯೇಕ ಸಂಪುಟವೇ ಇದೆ. ಬ್ರಿಟನ್ನಿನ ಕಡತಗಳು ಲಂಡನ್ನಿನ ಕ್ಯೂ ಎಂಬಲ್ಲಿವೆ. ಸೋವಿಯತ್ ಒಕ್ಕೂಟ ಕುಸಿದ ನಂತರ ಹೊರಬಂದ ಮಾಸ್ಕೋದ ಪತ್ರಗಳಲ್ಲಿ ಅನೇಕವು ವಾಷಿಂಗ್ಟನ್ನಿನ ವಿಲ್ಸನ್ ಕೇಂದ್ರದ ಸಂಗ್ರಹದಲ್ಲಿ ಅನುವಾದಗೊಂಡು ಲಭ್ಯವಾದವು. ಚೀನಾದ ವಿದೇಶಾಂಗ ಸಚಿವಾಲಯದ ಪತ್ರಾಗಾರವು 2004ರ ಹೊತ್ತಿಗೆ ತೆರೆದು, ಒಂದು ದಶಕ ತುಂಬುವ ಮೊದಲೇ ಬಹುಪಾಲು ಮುಚ್ಚಿಕೊಂಡಿತು. ಭಾರತದ ಕಡೆಯಿಂದ ನೆಹರೂ ಅವರ ಆಯ್ದ ಬರಹಗಳ ಸಂಪುಟಗಳು, ವಿಶ್ವಸಂಸ್ಥೆಯ ಕಡೆಯಿಂದ ಭದ್ರತಾ ಮಂಡಳಿಯ ಪದಶಃ ನಡಾವಳಿಗಳು ಇವೆ. ಇವುಗಳಲ್ಲಿ ಯಾವ ಒಂದೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಅಮೆರಿಕದ ರಾಯಭಾರಿ ತನ್ನ ಸರ್ಕಾರಕ್ಕೆ ಬರೆದ ವರದಿಯಲ್ಲಿರುವ ನೆಹರೂ ಆ ರಾಯಭಾರಿಗೆ ಕಂಡ ನೆಹರೂ ಮಾತ್ರ.

ನಿಯಮ ಮತ್ತು ಕಾಲ

ಭಾರತದಲ್ಲಿ ಪಿಎಚ್‌.ಡಿ.ಯ ಚೌಕಟ್ಟನ್ನು ಈಗ ನಿರ್ಧರಿಸುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ. ಕೋರ್ಸ್‌ವರ್ಕ್ ಸೇರಿದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಎಂಬುದು ಸಾಮಾನ್ಯ ಅವಧಿ. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು, ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಉಳ್ಳವರಿಗೆ ಮತ್ತೂ ಎರಡು ವರ್ಷದ ರಿಯಾಯಿತಿ ಇದೆ. ಕೋರ್ಸ್‌ವರ್ಕ್ ಎಂದರೆ ಸಂಶೋಧನಾ ವಿಧಾನ, ಸಂಶೋಧನಾ ನೀತಿ ಮತ್ತು ವಿಷಯದ ತಿರುಳನ್ನು ಕಲಿಸುವ, ಕನಿಷ್ಠ 12 ಕ್ರೆಡಿಟ್‌ಗಳ ಪಾಠ ಮತ್ತು ಪರೀಕ್ಷೆ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ಇದೇ ನಿಯಮಾವಳಿಯಿಂದ ಎಂ.ಫಿಲ್‌. ಪದವಿ ನಿಂತಿತು, ಸಣ್ಣ ಪ್ರಬಂಧವೊಂದರಲ್ಲಿ ಕೈ ಪಳಗಿಸಿಕೊಂಡು ದೊಡ್ಡದಕ್ಕೆ ಹೋಗುವ ಹಳೆಯ ಮೆಟ್ಟಿಲು ಅದರೊಂದಿಗೆ ಇಲ್ಲವಾಯಿತು.

ಪ್ರವೇಶಕ್ಕೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನ ಫಲಿತಾಂಶವನ್ನು 2024ರಿಂದ ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತಿದೆ. ಕಿರಿಯ ಸಂಶೋಧನಾ ಫೆಲೋಶಿಪ್ ಮತ್ತು ಅಧ್ಯಾಪನಕ್ಕೆ ಅರ್ಹರು ಮೊದಲ ವರ್ಗ, ಅಧ್ಯಾಪನ ಮತ್ತು ಪಿಎಚ್‌.ಡಿ. ಪ್ರವೇಶಕ್ಕೆ ಅರ್ಹರು ಎರಡನೆಯ ವರ್ಗ, ಪ್ರವೇಶಕ್ಕಷ್ಟೇ ಅರ್ಹರು ಮೂರನೆಯ ವರ್ಗ. ಕೊನೆಯ ಎರಡು ವರ್ಗಗಳಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. 2023ರ ಪರಿಷ್ಕರಣೆಯಂತೆ ಕಿರಿಯ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರದ ಹಿರಿಯ ಫೆಲೋಶಿಪ್ 42,000 ರೂಪಾಯಿ. ಈ ಹಣವಿಲ್ಲದೆ ಸಂಶೋಧನೆಗಿಳಿಯುವವರು ದೆಹಲಿಯ ಪತ್ರಾಗಾರದಲ್ಲಿ ತಿಂಗಳುಗಟ್ಟಲೆ ಕೂರುವ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು. ಪ್ರಶ್ನೆಯ ಗಾತ್ರವನ್ನು ಹಲವು ಬಾರಿ ಕೈಯಲ್ಲಿರುವ ಹಣವೇ ನಿರ್ಧರಿಸುತ್ತದೆ ಎಂಬುದು ಕಹಿಯಾದರೂ ನಿಜ.

ವಿದೇಶಗಳಲ್ಲಿ ಕ್ರಮ ಬೇರೆ. ಅಮೆರಿಕದಲ್ಲಿ ಮೊದಲ ಎರಡು ವರ್ಷ ಪಾಠ, ಅದರ ನಂತರ ಇಡೀ ಶಾಸ್ತ್ರವನ್ನು ವ್ಯಾಪಿಸುವ ಸಮಗ್ರ ಪರೀಕ್ಷೆ, ಅದರಲ್ಲಿ ತೇರ್ಗಡೆಯಾದ ಮೇಲೆ ಪ್ರಬಂಧ. ಒಟ್ಟು ಐದಾರು ವರ್ಷ ಸಾಮಾನ್ಯ. ಬ್ರಿಟನ್ನಿನಲ್ಲಿ ಪಾಠ ಕಡಿಮೆ, ಮೂರು ನಾಲ್ಕು ವರ್ಷಗಳಲ್ಲಿ ಪ್ರಬಂಧವೇ ಮುಖ್ಯ, ಆದ್ದರಿಂದ ಪ್ರಶ್ನೆ ಸಿದ್ಧವಿಲ್ಲದವರಿಗೆ ಅಲ್ಲಿ ಕಷ್ಟ. ಎಲ್ಲ ಕಡೆಯೂ ಕೊನೆಯ ಹಂತ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರು ಅಲ್ಲಿ ಕೇಳುವ ಅತ್ಯಂತ ಕಠಿಣ ಪ್ರಶ್ನೆ ಬಹುಮಟ್ಟಿಗೆ ಒಂದೇ: ಈ ಉತ್ತರ ತಪ್ಪಾಗಿದ್ದರೆ ಅದು ಯಾವ ದಾಖಲೆಯಿಂದ ಗೊತ್ತಾಗುತ್ತಿತ್ತು?

ಪದವಿಯ ನಂತರ

ಪದವಿ ಕೈಗೆ ಬಂದ ಮೇಲೆ ತೆರೆಯುವ ಬಾಗಿಲುಗಳು ಹೇರಳವಾಗಿಲ್ಲ. ವಿಶ್ವವಿದ್ಯಾಲಯಗಳ ಅಧ್ಯಾಪನ ಮೊದಲನೆಯದು. 1965ರಲ್ಲಿ ಸ್ಥಾಪನೆಯಾಗಿ ಈಗ ಮನೋಹರ್ ಪರಿಕ್ಕರ್ ಅವರ ಹೆಸರು ಹೊತ್ತ ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆ, ಸಪ್ರೂ ಹೌಸ್‌ನ ಪರಿಷತ್ತು, ಬೆಂಗಳೂರಿನ ತಕ್ಷಶಿಲಾ ಮೊದಲಾದ ಚಿಂತನ ಸಂಸ್ಥೆಗಳು ಎರಡನೆಯದು; ಪತ್ರಿಕೋದ್ಯಮ ಮತ್ತು ದೇಶದೇಶಗಳಲ್ಲಿ ವ್ಯವಹರಿಸುವ ಕಂಪನಿಗಳ ಅಪಾಯ ವಿಶ್ಲೇಷಣೆಯ ಕೆಲಸ ಮೂರನೆಯದು. ಇವುಗಳಲ್ಲಿ ಯಾವುದೂ ಖಚಿತವಲ್ಲ, ಮೂರಕ್ಕೂ ಬರಹದ ಸ್ಪಷ್ಟತೆ ಬೇಕು.

ಆದರೂ ದಾಖಲೆಯನ್ನು ಓದುವ ಕಸುಬು ರಾಷ್ಟ್ರದ ನೀತಿಯನ್ನೇ ಮುಟ್ಟಿದ ಸಂದರ್ಭಗಳು ಇವೆ. 1959ರಲ್ಲಿ ಚೀನಾದೊಂದಿಗಿನ ಗಡಿ ವಿವಾದ ತೀವ್ರವಾದಾಗ, ವಿದೇಶಾಂಗ ಸಚಿವಾಲಯದ ಇತಿಹಾಸ ವಿಭಾಗದ ಮುಖ್ಯಸ್ಥರಾಗಿದ್ದ ಸರ್ವಪಲ್ಲಿ ಗೋಪಾಲ್ ಅವರು ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳನ್ನು ಪರಿಶೀಲಿಸಿ ಕೊಟ್ಟ ಅಭಿಪ್ರಾಯವು ಅಕ್ಸಾಯ್ ಚಿನ್ ಕುರಿತ ನೆಹರೂ ಅವರ ನಿಲುವನ್ನು ಗಟ್ಟಿಗೊಳಿಸಿತು. ಆ ಓದು ಎಷ್ಟು ಸರಿ ಎಂಬುದನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಹಳೆಯ ಕಾಗದವನ್ನು ಓದುವವನ ಹೊಣೆ ಎಷ್ಟು ದೊಡ್ಡದು ಎಂಬುದಕ್ಕೆ ಆ ಚರ್ಚೆಯೇ ಸಾಕ್ಷಿ.

ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಪ್ರಶ್ನೆಗಳ ಕೊರತೆಯಿಲ್ಲ. 1443ರಲ್ಲಿ ತೈಮೂರಿ ದೊರೆ ಶಾರೂಖನ ದೂತ ಅಬ್ದುರ್ ರಝಾಕ್ ವಿಜಯನಗರಕ್ಕೆ ಬಂದದ್ದು, 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ಹದಿನಾರನೆಯ ಲೂಯಿಯ ಮುಂದೆ ನಿಂತದ್ದು, ಬೆನೆಗಲ್ ರಾವ್ ಮತ್ತು ತಿಮ್ಮಯ್ಯನವರ ಕೊರಿಯಾ ಅಧ್ಯಾಯಗಳು ಇನ್ನೂ ಹಲವು ಪ್ರಬಂಧಗಳನ್ನು ತಾಳುವಷ್ಟು ಸಮೃದ್ಧವಾಗಿವೆ. ಅವುಗಳಿಗೆ ಬೇಕಾಗಿರುವುದು ಫಾರ್ಸಿಯನ್ನೋ ಫ್ರೆಂಚನ್ನೋ ಕೊರಿಯನ್ನನ್ನೋ ಕಲಿಯುವ ಸಿದ್ಧತೆ ಮತ್ತು ಕಂಡುಕೊಂಡದ್ದನ್ನು ಕನ್ನಡದಲ್ಲಿಯೂ ಬರೆಯುವ ಮನಸ್ಸು. ಆದ್ದರಿಂದ ಅರ್ಜಿ ತುಂಬುವ ಮೊದಲು, ವಿಶ್ವವಿದ್ಯಾಲಯದ ಹೆಸರನ್ನು ಹುಡುಕುವ ಮೊದಲು, ತನ್ನ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಕನ್ನಡದಲ್ಲಿ ಬರೆದು ನೋಡುವುದು ಒಳಿತು. ಆ ವಾಕ್ಯ ಬರೆಯಲು ಬಾರದಿದ್ದರೆ, ಸಂಶೋಧನೆಗೆ ಇನ್ನೂ ಹೊತ್ತಾಗಿಲ್ಲವೆಂದೇ ಅರ್ಥ.